ಧೂಳಿಗೆ ಮಾಫಿ

ಜನವರಿ ೧೮, ಭಾನುವಾರ

ಮೆಹಜಬೀನ ಇವತ್ತು ಬೆಳಗಿನ ಬಸ್ಸಿಗೆ ಮಗಳನ್ನು ಕರೆದುಕೊಂಡು ಯಲಬುರ್ಗಾಕ್ಕೆ, ತವರಿಗೆ ಹೋದಳು. ಜಗಳವಾಡಿ ಹೋಗಿದ್ದರೆ ಚೆನ್ನಾಗಿತ್ತು. ಜಗಳವಾಡಿ ಹೋದ ಹೆಂಡತಿ ಸಿಟ್ಟು ಇಳಿದ ಮೇಲೆ ಬರುತ್ತಾಳೆ. ಇವಳು ಸಮಾಧಾನವಾಗಿ ಹೋದಳು.

ಮಗಳು ಮುಸ್ಕಾನಳ ಎದೆಯಲ್ಲಿ ದಸರಾ ರಜೆಯಿಂದಲೂ ಬೆಕ್ಕಿನ ಮರಿ ಕೂಗಿದ ಹಾಗೆ ಸದ್ದು. ಮೊನ್ನೆ ಉಸಿರು ಸಿಗದೆ ತುಟಿ ನೀಲಿಯಾಯಿತು, ದವಾಖಾನೆಗೆ ಎತ್ತಿಕೊಂಡು ಓಡಿದೆವು. ಡಾಕ್ಟರು ಮಗುವಿನ ಬೆನ್ನಿಗೆ ಕೊಳವೆ ಇಟ್ಟು ಕೇಳಿ, ಆಮೇಲೆ ನನ್ನ ಅಂಗಿಯ ಕಡೆ ನೋಡಿ, "ಏನು ಕೆಲಸ ಮಾಡ್ತೀರಿ?" ಎಂದರು. ಖರಾದಿ ಎಂದೆ. ಕಟ್ಟಿಗೆಯನ್ನು ಯಂತ್ರಕ್ಕೆ ಸಿಕ್ಕಿಸಿ ತಿರುಗಿಸಿ, ಉಳಿ ಹಿಡಿದು ತೊಟ್ಟಿಲ ಗೂಟ, ಮಂಚದ ಕಾಲು, ಲಟ್ಟಣಿಗೆ ಕಡೆಯುವುದು ನಮ್ಮ ಮನೆತನದ ಕೆಲಸ. ಯಂತ್ರ ಎಲ್ಲಿದೆ ಎಂದರು. ಮನೆಯ ಪಡಸಾಲೆಯಲ್ಲಿ ಎಂದೆ. ಅವರು ಪೆನ್ನು ಕೆಳಗಿಟ್ಟರು.

ಹೊರಡುವಾಗ ಮೆಹಜಬೀನ ಹೇಳಿದ್ದು ಇಷ್ಟೇ: "ಖರಾದಿ ಬಿಡ್ರಿ ಅನ್ನಂಗಿಲ್ಲ ನಾ. ಧೂಳ ಬಿಡಿಸ್ರಿ. ಧೂಳ ಇರೋ ಮನಿಗೆ ನನ್ನ ಮಗಳನ್ನ ತರಂಗಿಲ್ಲ. ರಂಜಾನ್ ಹಬ್ಬಕ್ಕ ಬಂದು ನೋಡ್ತೀನಿ."

ಕಟ್ಟಿಗೆಯ ಧೂಳಿನಿಂದ ಯಾರು ಸತ್ತಿದ್ದಾರೆ? ನನ್ನಜ್ಜ ನಜೀರಸಾಬ ಜೀವಮಾನವಿಡೀ ಇದೇ ಧೂಳು ತಿಂದು ಎಂಬತ್ತು ದಾಟಿದರು. ಅಬ್ಬಾ ಐವತ್ತಕ್ಕೇ ಹೋದರು ನಿಜ, ಅದು ಬೀಡಿಯ ಕೆಲಸ.

ಮಾತಾಡಲು ಮನೆಯಲ್ಲಿ ಯಾರೂ ಇಲ್ಲ. ಅಕ್ಕಿ ಮಿಲ್ಲಿನವರು ಹಂಚಿದ ಡೈರಿ ಇತ್ತು, ತೆಗೆದೆ. ಮನೆಯಲ್ಲಿ ಅರ್ಧ ಉರ್ದು ಅರ್ಧ ಕನ್ನಡ ನಮ್ಮದು. ಆದರೆ ಸಾಲೆಯಲ್ಲಿ ಕಲಿತದ್ದು ಕನ್ನಡ, ಸಿಟ್ಟು ಬರೆಯಲು ಇದೇ ಅನುಕೂಲ.

ಜನವರಿ ೨೨, ಗುರುವಾರ

ಕೊಟ್ರೇಶ ಬಂದಿದ್ದ. ಸಾಲೆಯಲ್ಲಿ ನನ್ನ ಬೆಂಚಿನವನು, ಈಗ ಶ್ರೀರಾಮನಗರದ ರಸ್ತೆಯ ಅಕ್ಕಿ ಮಿಲ್ಲಿನಲ್ಲಿ ಫಿಟ್ಟರ್. ಪಡಸಾಲೆಯ ನಡುವೆ ನಿಂತು ಗಿರಗಿರನೆ ತಿರುಗಿ ನೋಡಿದ. ನೋಡುವಂಥದ್ದೇನಿದೆ? ಹಳೆಯ ಗಂಗಾವತಿಯ ಮಣ್ಣಿನ ಮಾಳಿಗೆ ಮನೆ. ಎರಡು ಬದಿಗೂ ಪಕ್ಕದವರ ಗೋಡೆ, ಹಿಂದೆ ಅಡುಗೆಮನೆ, ಅದರ ಹಿಂದೆ ಮತ್ತೊಬ್ಬರ ಗೋಡೆ. ಮುಂದಿನ ಬಾಗಿಲು ಬಿಟ್ಟರೆ ಗಾಳಿಗೆ ದಾರಿ ಮಾಳಿಗೆಯ ಬೆಳಕಿಂಡಿ ಒಂದೇ.

"ಮಿಲ್ಲಿನ ಬಾಜೂಕ ನಮ್ಮ ಸಾಹುಕಾರಂದು ಖಾಲಿ ಶೆಡ್ ಐತಿ. ನಾಕೂ ಕಡೆ ಬಯಲು. ಖರಾದಿ ಅಲ್ಲಿಗೆ ಒಯ್ಯಿ, ಮುಗೀತು," ಎಂದ.

ಎಷ್ಟು ಸಲೀಸು! ಈ ಯಂತ್ರದ ಬೋಲ್ಟುಗಳನ್ನು ಅಜ್ಜ ತಮ್ಮ ಕೈಯಾರೆ ಈ ನೆಲಕ್ಕೆ ಸೀಸ ಎರೆದು ಕೂರಿಸಿದ್ದಾರೆ. ಸುತ್ತಲಿನ ಊರಿನವರು ತೊಟ್ಟಿಲಿಗೆ ಹುಡುಕಿಕೊಂಡು ಬರುವುದು ಖರಾದಿಯವರ ಮನೆಗೆ, ಮಿಲ್ಲಿನ ಶೆಡ್ಡಿಗಲ್ಲ. ಇನ್ನೊಬ್ಬರ ನೆರಳಿನಲ್ಲಿ ಉಳಿ ಹಿಡಿದವನು ಕೂಲಿಯವನೇ ಎಂದು ಅಜ್ಜ ಹೇಳುತ್ತಿದ್ದರು. ಅದನ್ನೇ ಕೊಟ್ರೇಶನಿಗೂ ಹೇಳಿದೆ.

"ಹಂಗಾದ್ರ ಮಿಲ್ಲಿನಂಗ ಧೂಳ ಎಳಿಯೋದು ಕಟ್ಟು," ಎಂದ. ಈ ಮಾತು ಮನಸ್ಸಿಗೆ ಹಿಡಿಸಿತು.

ಫೆಬ್ರವರಿ ೧, ಭಾನುವಾರ

ಮಿಲ್ಲಿಗೆ ಹೋಗಿ ಅವರ ಸೈಕ್ಲೋನು ನೋಡಿಬಂದೆ. ದೊಡ್ಡ ತಗಡಿನ ಲಾಳಿಕೆ, ಅಷ್ಟೇ. ಗಾಳಿ ಅಡ್ಡದಿಂದ ನುಗ್ಗಿ ಒಳಗೆ ಸುತ್ತು ಹಾಕುತ್ತದೆ. ತೂಕದ ಹೊಟ್ಟು ಗೋಡೆಗೆ ಬಡಿದು ಕೆಳಗೆ ಬೀಳುತ್ತದೆ, ಹಗುರವಾದ ಗಾಳಿ ಮೇಲಿನ ಕೊಳವೆಯಿಂದ ಹೊರಗೆ ಹೋಗುತ್ತದೆ.

ನನ್ನದನ್ನು ಕಟ್ಟಿದ್ದು ಹೀಗೆ. ಗುಜರಿಯ ಹಳೆಯ ಬ್ಲೋಯರ್, ಕೊಟ್ರೇಶ ಬೇರಿಂಗು ಬದಲಿಸಿ ಕೊಟ್ಟ. ಹೊಟ್ಟು ಬೀಳಲು ನೀರಿನ ನೀಲಿ ಡ್ರಮ್ಮು. ಅದರ ಮೇಲೆ ತಗಡಿನ ಲಾಳಿಕೆ, ಬಜಾರದ ಡಬ್ಬಿ ಮಾಡುವವನಿಂದ ಬೆಸುಗೆ ಹಾಕಿಸಿದ್ದು. ಖರಾದಿಯ ಹಿಂದೆ ಧೂಳು ಹಿಡಿಯುವ ಬಾಯಿಗೆ ಎಣ್ಣೆಯ ಡಬ್ಬಿಯನ್ನು ಅಡ್ಡ ಕತ್ತರಿಸಿದೆ. ಬೋರ್‌ವೆಲ್ಲಿನ ಪೈಪು. ಸಂದು ಕಂಡಲ್ಲೆಲ್ಲ ಸೈಕಲ್ ಟ್ಯೂಬಿನ ಪಟ್ಟಿ. ನೋಡಿದರೆ ಕಾಯಿಲೆಯಾದ ಆನೆ ಕೂತ ಹಾಗಿದೆ. ಇರಲಿ, ಮದುವೆ ಮಾಡಿ ಕೊಡಬೇಕೇನು ಅದನ್ನು?

ಗಾಳಿ ಹೊರಗೆ ಹೋಗುವ ಕೊಳವೆಯನ್ನು ಬೆಳಕಿಂಡಿಗೆ ಏರಿಸಿದ್ದೇನೆ.

ಫೆಬ್ರವರಿ ೬, ಶುಕ್ರವಾರ

ಇವತ್ತು ಶುರು ಮಾಡಿದೆ. ಹೊಟ್ಟು ಸುರ್ ಎಂದು ಒಳಗೆ ಹೋಯಿತು. ಎಷ್ಟು ಹಿಗ್ಗಿದೆನೆಂದರೆ ಬೇಕಿಲ್ಲದ ಕಟ್ಟಿಗೆಯನ್ನೂ ಕಡೆದೆ.

ಅಷ್ಟರಲ್ಲಿ ಮಾಳಿಗೆಯ ಮೇಲಿಂದ ಹಂಪವ್ವನ ಕೂಗು. ಪಕ್ಕದ ಮನೆಯ ಮುದುಕಿ, ನನ್ನನ್ನು ಎತ್ತಿ ಆಡಿಸಿದವಳು. ನಮ್ಮ ಎರಡೂ ಮಾಳಿಗೆಗಳು ಕೂಡಿಕೊಂಡಿವೆ. ಬೇಸಿಗೆ ಬಂತೆಂದರೆ ಅಲ್ಲಿ ಸಂಡಿಗೆ, ಹಪ್ಪಳ ಒಣಹಾಕಿ ಮಾರುತ್ತಾಳೆ. ಹತ್ತಿ ನೋಡಿದರೆ ಬಿಳಿ ಸೀರೆಯ ಮೇಲಿನ ಅಕ್ಕಿ ಸಂಡಿಗೆಯೆಲ್ಲ ಕಂದು.

"ನೋಡಪಾ ರಫೀ, ಸಂಡಿಗಿ ಇಟ್ಟೀನೋ ಬೆಲ್ಲದ ಅಚ್ಚು ಇಟ್ಟೀನೋ? ಕಟ್ಟಿಗಿ ಹಿಟ್ಟು ತಿನ್ನಾಕ ಮಂದಿ ರೊಕ್ಕ ಕೊಡ್ತಾರೇನು?"

"ಗಾಳಿ ಎತ್ತಾಗರ ಹೋಗಬೇಕಲ್ಲವ್ವಾ," ಎಂದೆ.

"ಎತ್ತಾಗರ ಹೋಗ್ಲಿ, ನನ್ನ ಸಂಡಿಗಿ ಮ್ಯಾಲೆ ಬ್ಯಾಡ."

ಮುಂದೆ ಬೀದಿ, ಅಲ್ಲಿ ಬಿಟ್ಟರೆ ಎದುರಿನ ಹಿಟ್ಟಿನ ಗಿರಣಿಯವನು ಸುಮ್ಮನಿರುವುದಿಲ್ಲ. ಅತ್ತ ದರಿ, ಇತ್ತ ಪುಲಿ.

ಫೆಬ್ರವರಿ ೮, ಭಾನುವಾರ

ದಾರಿ ಸಿಕ್ಕಿತು. ಹೊರಗೆ ಬಿಡಲಾರದ ಗಾಳಿಯನ್ನು ಒಳಗೇ ಸೋಸಿ ಬಿಟ್ಟರಾಯಿತು! ನನ್ನ ಎರಡು ಹಳೆಯ ಲುಂಗಿ ಸೇರಿಸಿ ಉದ್ದನೆಯ ಚೀಲ ಹೊಲಿದು ಕೊಳವೆಯ ಬಾಯಿಗೆ ಕಟ್ಟಿದೆ. ಬ್ಲೋಯರ್ ಹಾಕಿದರೆ ಚೀಲ ಉಬ್ಬಿ ನಿಲ್ಲುತ್ತದೆ. ಧೂಳು ಒಳಗೆ, ಗಾಳಿ ಹೊರಗೆ. ಚೌಕಳಿ ಲುಂಗಿಯಾದ್ದರಿಂದ ಯಾರೋ ದಪ್ಪನೆಯವರು ಮನೆಯೊಳಗೆ ನಿಂತ ಹಾಗಿದೆ. ಅಷ್ಟು ಜನವಾದರೂ ಇರಲಿ.

ಬೆಳಕಿಂಡಿಗೆ ಗೋಣಿಚೀಲ ತುರುಕಿ, ಮೇಲೆ ಕಲ್ಲುಚಪ್ಪಡಿ ಎಳೆದು, ಸುತ್ತ ಸಿಮೆಂಟು ಮೆತ್ತಿದೆ. ಇನ್ನು ಹಂಪವ್ವನಿಗೆ ಒಂದು ಕಣವೂ ಸಿಗುವುದಿಲ್ಲ.

ಕೊಟ್ರೇಶ ಫೋನಿನಲ್ಲಿ ಕೇಳಿ, "ಮಿಲ್ಲಿನ್ಯಾಗ ಗಾಳಿ ಬಯಲಿಗೆ ಹೋಕ್ಕತಿ ಮಾರಾಯ. ನೀ ಮನ್ಯಾಗ ಬಿಟ್ರ ಹೆಂಗ?" ಎಂದ. ಅವನಿಗೆ ಚೀಲದ ವಿಷಯ ತಿಳಿಯದು.

ಫೆಬ್ರವರಿ ೧೨, ಗುರುವಾರ

ನೆಲ ಕನ್ನಡಿಯಾಗಿದೆ. ನಮ್ಮ ಮನೆತನದಲ್ಲಿ ಧೂಳು ಅಳೆಯುವುದು ಅಂಗೈಯಿಂದ. ನಮಾಜಿಗೆ ಜಾಯನಮಾಜು ಹಾಸುವ ಮುಂಚೆ ಅಜ್ಜ ನೆಲದ ಮೇಲೆ ಅಂಗೈ ಎಳೆದು ನೋಡುತ್ತಿದ್ದರು, ಅಬ್ಬಾನೂ ಹಾಗೇ. ಇವತ್ತು ದಿನವಿಡೀ ಕಡೆದು, ಪಾಲಿಶ್ ಪೇಪರ್ ಉಜ್ಜಿ, ಸಂಜೆ ಅಂಗೈ ಎಳೆದೆ. ಕೈಗೆ ಏನೂ ಹತ್ತಲಿಲ್ಲ! ಮೂರು ತಲೆಮಾರಿನಲ್ಲಿ ಆಗದ್ದು ನನ್ನಿಂದ ಆಯಿತು. ಬೆಳಿಗ್ಗೆ ಒರೆಸುವಾಗ ಬಟ್ಟೆ ಸ್ವಲ್ಪ ಮಾಸುತ್ತದೆ, ಅದು ಬೀದಿಯ ಧೂಳು. ಇನ್ನು ಬಾಗಿಲನ್ನೂ ಮುಚ್ಚಿಯೇ ಕೆಲಸ ಮಾಡಬೇಕು.

ಬಾಯಿಗೆ ಕಟ್ಟುವ ಬಟ್ಟೆಯನ್ನು ಗೂಟಕ್ಕೆ ನೇತುಹಾಕಿದೆ. ಇನ್ನೇಕೆ ಅದು?

ಗಂಟಲು ಕೆರೆಯುತ್ತಿದೆ. ಹವಾಮಾನ ಬದಲಾಗುತ್ತಿದೆಯಲ್ಲ.

ಫೆಬ್ರವರಿ ೧೯, ಗುರುವಾರ

ಮೊದಲ ರೋಜಾ. ಸಾಣಾಪುರದ ರೆಸಾರ್ಟಿನವರು ಜೋಕಾಲಿಗಳಿಗೆ ಕಂಬ ಹೇಳಿದ್ದಾರೆ, ಹಬ್ಬದೊಳಗೆ ಮುಗಿಸಬೇಕು. ಹಾಗಾಗಿ ರಂಜಾನಿನಲ್ಲೂ ಕೆಲಸ.

ಚಿಕ್ಕವನಿದ್ದಾಗ ಅಜ್ಜನನ್ನು ಕೇಳಿದ್ದೆ: ಧೂಳು ಗಂಟಲಿಗೆ ಇಳಿದರೆ ರೋಜಾ ಮುರಿಯುವುದಿಲ್ಲವೇ? "ತಪ್ಪಿಸಾಕ ಆಗದ ಧೂಳಿಗೆ ಮಾಫಿ ಐತಿ ಮಗನ," ಎಂದಿದ್ದರು. "ಹಿಟ್ಟಿನ ಗಿರಣಿಯವಂಗೂ ಮಾಫಿ, ಖರಾದಿಯವಂಗೂ ಮಾಫಿ." ಎಷ್ಟು ನೆಮ್ಮದಿಯ ಮಾತು. ಅದನ್ನೇ ನೆನೆಸಿಕೊಳ್ಳುತ್ತ ಕಡೆದೆ.

ನೀರಿಲ್ಲದ ಗಂಟಲು, ಕೆಮ್ಮು ಸ್ವಲ್ಪ ಜಾಸ್ತಿ. ರೋಜಾ ಅಂದಮೇಲೆ ಇದ್ದದ್ದೇ.

ಫೆಬ್ರವರಿ ೨೪, ಮಂಗಳವಾರ

ಇಫ್ತಾರ್ ಆದಮೇಲೆ ಮುಸ್ಕಾನ ಫೋನು ಮಾಡಿದಳು. ಯಲಬುರ್ಗಾದಲ್ಲಿ ಅಜ್ಜಿಯ ಮೇಕೆಯ ಹಿಂದೆ ಓಡುತ್ತಾಳಂತೆ. "ಓಡಿದ್ರ ಎದಿ ಕೂಗಂಗಿಲ್ಲ ಈಗ," ಎಂದಳು. ಸಂತೋಷವಾಯಿತು. ಸಂತೋಷದ ಜೊತೆ ಮನಸ್ಸಿಗೆ ಏನೋ ಚುಚ್ಚಿತು. ನನ್ನ ಮನೆಯಲ್ಲಿ ಕೂಗುವ ಎದೆ ಅಲ್ಲಿ ಕೂಗುವುದಿಲ್ಲ.

ನಾನು ಮಾತಿನ ನಡುವೆ ಕೆಮ್ಮಿದೆ. ಅವಳು ನಕ್ಕು ನನ್ನ ಹಾಗೆಯೇ ಕೆಮ್ಮಿ ತೋರಿಸಿದಳು. "ಅಬ್ಬಾ, ನೀ ಈಗ ನನ್ನಂಗ ಕೆಮ್ಮಾಕತ್ತಿ!"

ಹುಡುಗಿ ನಕಲು ಮಾಡುವುದರಲ್ಲಿ ಗಟ್ಟಿ.

ಮಾರ್ಚ್ ೪, ಬುಧವಾರ

ಬಿಸಿಲು. ಬೆಳಕಿಂಡಿ ಮುಚ್ಚಿದೆ, ಬಾಗಿಲು ಮುಚ್ಚಿದೆ. ಟ್ಯೂಬ್‌ಲೈಟಿನಲ್ಲಿ ಹಗಲು ಯಾವುದು ಸಂಜೆ ಯಾವುದು ತಿಳಿಯುವುದಿಲ್ಲ, ಅಜಾನ್ ಕೇಳಿದರೆ ಗೊತ್ತಾಗುತ್ತದೆ. ಕರೆಂಟು ಹೋದರೆ ಕತ್ತಲಲ್ಲಿ ಲುಂಗಿಯ ಚೀಲ ನಿಟ್ಟುಸಿರು ಬಿಟ್ಟು ಕುಸಿಯುತ್ತದೆ. ಅದರ ಜೊತೆ ಮಾತಾಡಲು ಶುರುಮಾಡಿದ್ದೇನೆ. ಅದೂ ಎದುರು ಮಾತಾಡುವುದಿಲ್ಲ.

ಮಾರ್ಚ್ ೬, ಶುಕ್ರವಾರ

ಮಸೀದಿಯ ದಾರಿ ಯಾಕೋ ಉದ್ದವಾಗಿದೆ. ನಡುವೆ ಪಾನ್ ಅಂಗಡಿಯ ಕಟ್ಟೆಯ ಮೇಲೆ ಕೂತು ಹೋದೆ.

ಮಾರ್ಚ್ ೧೧, ಬುಧವಾರ

ಕೊಟ್ರೇಶ ಬಂದು ಬಾಗಿಲು ತೆರೆದ. ಹೊಸ್ತಿಲಲ್ಲೇ ಸೀನಿದ, ಮತ್ತೆ ಸೀನಿದ. ಮೂಗಿಗೆ ಟವೆಲು ಹಿಡಿದು, "ಬಾವಿಯೊಳಗ ಇದ್ದಂಗ ಅದಿಯಲ್ಲೋ ರಫೀ. ಕನ್ನಡ್ಯಾಗ ಮಾರೀ ನೋಡಿಕೊಂಡಿಯೇನು? ಹೊರಗ ಬಾ," ಎಂದ.

ನನಗೆ ಸಿಟ್ಟು ನೆತ್ತಿಗೇರಿತು. ನೆಲಕ್ಕೆ ಅಂಗೈ ಎಳೆದು ಅವನ ಮುಖಕ್ಕೆ ಹಿಡಿದೆ. "ಎಲ್ಲೈತಿ ಧೂಳು? ತೋರ್ಸು!"

"ನೆಲದಾಗ ಇಲ್ಲಪಾ," ಎಂದ ಅವನು. "ಶೆಡ್ ಇನ್ನೂ ಖಾಲಿ ಐತಿ, ಅಷ್ಟ ಹೇಳಾಕ ಬಂದಿದ್ದೆ."

ಹೊರಗೆ ಹೋಗು ಎಂದೆ. ಹೋದ. ನನಗಾಗದವರು ಸಾಕಷ್ಟಿದ್ದಾರೆ ಊರಲ್ಲಿ, ಅವನು ಆ ಪಟ್ಟಿಯಲ್ಲಿ ಇರಲಿಲ್ಲ. ಈಗಲೂ ಇಲ್ಲ. ಆದರೂ ಬಾಗಿಲು ಹಾಕಿಕೊಂಡೆ.

ಮೇಲೆ ಹಂಪವ್ವ ಸಂಡಿಗೆ ತಿರುವಿ ಹಾಕುವ ಸದ್ದು. ಅವಳಾದರೂ ಖುಷಿಯಾಗಿದ್ದಾಳೆ. ಈ ವರ್ಷದ ಸಂಡಿಗೆ ಮಲ್ಲಿಗೆಯ ಹಾಗೆ ಬಿಳಿ ಎಂದು ಎಲ್ಲರಿಗೂ ಹೇಳುತ್ತಿದ್ದಾಳೆ.

ಮಾರ್ಚ್ ೨೦, ಶುಕ್ರವಾರ

ಚಂದ್ರ ಕಂಡ. ಅದಕ್ಕಿಂತ ಮುಂಚೆ ಅವರಿಬ್ಬರು ಕಂಡರು. ಮಧ್ಯಾಹ್ನದ ಬಸ್ಸಿಗೆ ಇಳಿದರು. ಮುಸ್ಕಾನ ಒಂದಿಷ್ಟು ಉದ್ದವಾಗಿದ್ದಾಳೆ, ಅಥವಾ ಬಹಳ ದಿನ ನೋಡದೆ ನನಗೆ ಹಾಗೆ ಅನಿಸಿತೋ.

ನೆಲವನ್ನು ಮೂರು ಸಲ ಒರೆಸಿದ್ದೆ. ಮೆಹಜಬೀನ ಚಪ್ಪಲಿ ಬಿಟ್ಟು ಒಳಗೆ ಬಂದು, ಬಗ್ಗಿ ಅಂಗೈ ಎಳೆದಳು. ನಮ್ಮ ಮನೆಗೆ ಸೊಸೆಯಾಗಿ ಬಂದು ನಮ್ಮ ಅಳತೆಯನ್ನೇ ಕಲಿತಿದ್ದಾಳೆ. ಅಂಗೈ ನೋಡಿದಳು, ನನ್ನನ್ನು ನೋಡಿದಳು. "ಛಲೋ ಮಾಡೀರಿ," ಎಂದಳು. ಹದಿಮೂರು ವರ್ಷದ ಸಂಸಾರದಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೆಂದು ಬೆರಳಿನಲ್ಲಿ ಎಣಿಸಬಹುದು. ಕಣ್ಣು ತುಂಬಿ ಬಂತು, ಕೆಮ್ಮಿದಂತೆ ಮಾಡಿ ಆಚೆ ತಿರುಗಿದೆ. ಕೆಮ್ಮು ನಿಜವಾಗಿಯೂ ಬಂತು, ಬೇಗ ನಿಲ್ಲಲಿಲ್ಲ.

"ಮನಿ ಯಾಕ ಇಷ್ಟು ಕತ್ತಲಿ ಐತಿ?" ಎಂದಳು ಮುಸ್ಕಾನ.

ಮಾರ್ಚ್ ೨೧, ಶನಿವಾರ. ಈದ್

ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ನಮಾಜು ಮುಗಿಸಿ ಬಂದೆ. ಹಂಪವ್ವ ಪ್ರತಿ ವರ್ಷದ ಹಾಗೆ ಶ್ಯಾವಿಗೆಯ ಸುರಕುಂಬಾ ಕುಡಿಯಲು ಬಂದಳು, ಮುಸ್ಕಾನಳಿಗೆ ಸಂಡಿಗೆ ತಂದಿದ್ದಳು. ಮಗಳು ಎರಡು ಹಟ ಹಿಡಿದಳು. ಒಂದು, ಹಬ್ಬಕ್ಕೆ ಅಬ್ಬಾ ಬುಗುರಿ ಕಡೆದುಕೊಡಬೇಕು. ಎರಡು, ಬೆಳಕಿಂಡಿ ತೆಗೆಯಬೇಕು. ಅಲ್ಲಿಂದ ನೆಲಕ್ಕೆ ಬೀಳುವ ಬಿಸಿಲಿನ ಬಿಲ್ಲೆಯನ್ನು ಕಾಲಿನಲ್ಲಿ ತುಳಿದು ಆಡುವುದು ಅವಳ ಆಟ. "ಇವತ್ತೊಂದಿನ ತಗಿಯೋ, ಸಂಡಿಗಿ ಕೆಳಗ ತಂದೀನಿ," ಎಂದಳು ಹಂಪವ್ವ.

ಮೊದಲು ಬುಗುರಿ. ನನ್ನ ಯಂತ್ರವನ್ನು ತೋರಿಸುವ ಹುಮ್ಮಸ್ಸು ಬೇರೆ. ಬ್ಲೋಯರ್ ಹಾಕಿ, ಕಡೆದು, ಪೇಪರ್ ಉಜ್ಜಿ, ಬುಗುರಿಯನ್ನು ಅವಳ ಕೈಗೆ ಕೊಟ್ಟೆ. ನೆಲದಲ್ಲಿ ಒಂದು ಕಣವಿಲ್ಲ. ಬ್ಲೋಯರ್ ಓಡುತ್ತಿರುವಾಗಲೇ ಎದೆಯುಬ್ಬಿಸಿ ಮಾಳಿಗೆ ಹತ್ತಿ, ನಡುವೆ ಎರಡು ಸಲ ಕೂತು, ಸಿಮೆಂಟು ಒಡೆದು ಚಪ್ಪಡಿ ಸರಿಸಿ ಗೋಣಿ ಎಳೆದೆ.

ಕೆಳಗಿನಿಂದ ಮುಸ್ಕಾನ ಕಿರುಚಿದಳು. ಸಂತೋಷಕ್ಕೆ.

ಇಳಿದು ಬಂದು ನೋಡಿದೆ. ನಡುಮಧ್ಯಾಹ್ನದ ಬಿಸಿಲು ಬೆಳಕಿಂಡಿಯಿಂದ ಕೋಲಾಗಿ ಇಳಿದಿತ್ತು. ಆ ಕೋಲಿನ ತುಂಬ ಧೂಳು. ಹಿಟ್ಟಿಗಿಂತ ನುಣ್ಣಗೆ, ಒತ್ತೊತ್ತಾಗಿ, ಮೇಲಿಂದ ಕೆಳಗಿನವರೆಗೆ ತಿರುಗುತ್ತಿತ್ತು. ಲುಂಗಿಯ ಚೀಲದ ಒಂದೊಂದು ನೂಲಿನ ಸಂದಿಯಿಂದಲೂ ಹೊಗೆಯ ಹಾಗೆ ಬರುತ್ತಿತ್ತು. ಮಗಳು ಕೋಲಿನೊಳಗೆ ನಿಂತು, ಬಾಯಿ ತೆರೆದು, ಎರಡೂ ಕೈಯಿಂದ ಅದನ್ನು ಹಿಡಿಯುತ್ತಿದ್ದಳು. "ಅಬ್ಬಾ, ಚುಕ್ಕಿ! ಎಷ್ಟು ಚುಕ್ಕಿ ನೋಡು!"

ಬ್ಲೋಯರ್ ನಿಲ್ಲಿಸಿದೆ. ಚೀಲ ಕುಸಿಯಿತು. ಧೂಳು ಕುಸಿಯಲಿಲ್ಲ. ನಿಂತೇ ಇತ್ತು. ದಪ್ಪ ಹೊಟ್ಟನ್ನೆಲ್ಲ ಡ್ರಮ್ಮಿಗೆ ಹಾಕಿ, ಎದೆಗೆ ಇಳಿಯುವ ನುಣ್ಣನೆಯದನ್ನು ಸೋಸಿ ಸೋಸಿ ಮನೆಗೆ ತುಂಬಿದ್ದೆ, ನಾನೇ, ನನ್ನ ಕೈಯಾರೆ. ಮತ್ತೆ ಬಾಗಿಲು ಮುಚ್ಚಿದ್ದೆ.

ಹಂಪವ್ವ ಲೋಟ ಹಿಡಿದು ಕೋಲನ್ನೇ ನೋಡುತ್ತಿದ್ದಳು. "ಅಲ್ಲೋ ತಮ್ಮಾ, ನನ್ನ ಸಂಡಿಗಿ ಮ್ಯಾಲೆ ಬೀಳೋದು ನಿಂತ ಮ್ಯಾಲೆ ಅದು ಎಲ್ಲಿಗೆ ಹೋತು ಅಂತ ನಾನೂ ಕೇಳಲಿಲ್ಲ, ನೀನೂ ಕೇಳಲಿಲ್ಲ."

ಮೆಹಜಬೀನ ಮಗಳನ್ನು ಎಳೆದು ಬಾಗಿಲ ಹೊರಗೆ ನಿಲ್ಲಿಸಿದಳು. ಬೈಯುತ್ತಾಳೆಂದು ಕಾದೆ. "ನೀವು ಯಾವಾಗಿಂದ ಕೆಮ್ಮಾಕತ್ತೀರಿ?" ಎಂದು ಕೇಳಿದಳು.

"ರೋಜಾದ ಕೆಮ್ಮು," ಎಂದೆ.

"ಮಾವಾರದು ಬೀಡಿ ಕೆಮ್ಮು ಅಂತಿದ್ರಿ. ಅವರು ಬೀಡಿ ಸೇದಿದ್ದನ್ನ ಕಣ್ಣಾರೆ ನೋಡೀರೇನ್ರಿ?"

ನೋಡಿಲ್ಲ. ನಾನೊಬ್ಬನೇ ಅಲ್ಲ, ಯಾರೂ ನೋಡಿಲ್ಲ. ಅಷ್ಟು ಕೆಮ್ಮುವವರು ಬೀಡಿ ಸೇದುತ್ತಿರಲೇಬೇಕು ಎಂದುಕೊಂಡು ಎಲ್ಲರೂ ಹಾಗೆಂದೆವು. ತಪ್ಪಿಸಲಾಗದ ಧೂಳಿಗೆ ಮಾಫಿ ಎಂದಿದ್ದರು ಅಜ್ಜ. ಇದು ತಪ್ಪಿಸಬಹುದಾಗಿದ್ದ ಧೂಳು. ಅಬ್ಬಾನದೂ ಬಹುಶಃ.

ನಾನೇ ತಾಯಿ ಮಗಳ ಬಟ್ಟೆಯ ಚೀಲ ಕಟ್ಟಿದೆ. ಹಬ್ಬದ ದಿನವೇ, ಹೊಸ ಬಟ್ಟೆಯಲ್ಲೇ, ಸಂಜೆಯ ಬಸ್ಸಿಗೆ ಕೂರಿಸಿದೆ. ಮುಸ್ಕಾನ ಬುಗುರಿ ಹಿಡಿದು ಅಳುತ್ತಿದ್ದಳು. "ನೀವೂ ಬರ್ರಿ," ಎಂದಳು ಮೆಹಜಬೀನ. ಬಸ್ಸು ಹೊರಟಿತು. ಅಳು ಬಂತು, ಅತ್ತೆ. ಬಸ್‌ಸ್ಟ್ಯಾಂಡಿನಲ್ಲಿ ಈದ್‌ನ ದಿನ ಅಳುವವನನ್ನು ಯಾರು ನೋಡಿದರೋ ಗೊತ್ತಿಲ್ಲ.

ಮಾರ್ಚ್ ೨೩, ಸೋಮವಾರ

ಕೊಟ್ರೇಶನಿಗೆ ಫೋನು ಮಾಡಿ, "ಶೆಡ್ ಖಾಲಿ ಐತೇನು?" ಎಂದೆ. "ಸಬ್ಬಲ್ ತಗೊಂಡು ಬರ್ತೀನಿ," ಎಂದ. ಮತ್ತೇನೂ ಕೇಳಲಿಲ್ಲ.

ಸಬ್ಬಲ್ ಹಾಕಿ ಮೀಟಿದರೂ ಅಜ್ಜನ ಬೋಲ್ಟುಗಳು ಬಿಡಲೊಲ್ಲವು. ಕೊನೆಗೆ ನೆಲದ ಕಲ್ಲು ಸಮೇತ ಎದ್ದವು. ಖರಾದಿಯನ್ನು ಟ್ರ್ಯಾಕ್ಟರಿಗೆ ಏರಿಸುವಾಗ ಅಬ್ಬಾನನ್ನು ಎರಡನೆಯ ಸಲ ಮನೆಯಿಂದ ಕಳಿಸಿದ ಹಾಗಾಯಿತು. ಪಡಸಾಲೆಯಲ್ಲಿ ದೊಡ್ಡ ಗುಂಡಿ ಬಿದ್ದಿದೆ.

ಮಾರ್ಚ್ ೨೬, ಗುರುವಾರ

ಹಬ್ಬದೊಳಗೆ ಮುಗಿಯದೆ ಉಳಿದ ಕಂಬಗಳನ್ನು ಶೆಡ್ಡಿನಲ್ಲಿ ಕಡೆಯುತ್ತಿದ್ದೇನೆ. ಬಾಯಿಗೆ ಬಟ್ಟೆ ಕಟ್ಟಿದ್ದೇನೆ. ಕಾಲುವೆಯ ಕಡೆಯಿಂದ ಗಾಳಿ ಬರುತ್ತದೆ, ಧೂಳನ್ನು ಎತ್ತಿಕೊಂಡು ಗದ್ದೆಯ ಕಡೆ ಹೋಗುತ್ತದೆ. ಇಲ್ಲಿ ನಾನು ಕೂಲಿಯವನ ಹಾಗೆ ಕಾಣುತ್ತೇನೋ ಏನೋ. ನಿನ್ನೆ ಒಬ್ಬ ತೊಟ್ಟಿಲು ಹೇಳಲು ಬಂದ, ಮನೆಯ ಹತ್ತಿರ ಹಂಪವ್ವನನ್ನು ವಿಚಾರಿಸಿ ಇಲ್ಲಿಗೆ ಬಂದನಂತೆ. ಸಿಟ್ಟೇನೂ ಮಾಡಿಕೊಂಡಿರಲಿಲ್ಲ.

ನಾಳೆ ದವಾಖಾನೆಗೆ ಹೋಗುತ್ತೇನೆ. ಕೊಟ್ರೇಶ ಬರುತ್ತೇನೆಂದಿದ್ದಾನೆ. ಬೇಡ ಎನ್ನಲಿಲ್ಲ.

ಮಾರ್ಚ್ ೨೯, ಭಾನುವಾರ

ದಿನಾ ಮಧ್ಯಾಹ್ನ ಮನೆಗೆ ಬಂದು ಬಿಸಿಲ ಕೋಲನ್ನು ನೋಡುತ್ತೇನೆ. ತೊಲೆಯ ಮೇಲೆ, ಜಂತಿಯ ಸಂದಿಯಲ್ಲಿ, ಗೋಡೆಯ ಮಣ್ಣಿನಲ್ಲಿ ಮೂರು ತಲೆಮಾರಿನ ಧೂಳು ಕೂತಿದೆ. ಹಸಿ ಬಟ್ಟೆಯಿಂದ ಒರೆಸಿದಷ್ಟೂ ಇನ್ನಷ್ಟು ಬರುತ್ತದೆ. ಒರೆಸುತ್ತೇನೆ, ಕೋಲಿನ ಕೆಳಗೆ ಕೂರುತ್ತೇನೆ, ನೋಡುತ್ತೇನೆ. ಅಂಗೈ ಎಳೆಯುವುದನ್ನು ಬಿಟ್ಟಿದ್ದೇನೆ. ಹಂಪವ್ವ ಸಂಡಿಗೆಯ ಸೀರೆಯನ್ನು ಮಾಳಿಗೆಯ ಆಚೆ ತುದಿಗೆ ಹಾಕಿಕೊಂಡಿದ್ದಾಳೆ.

ಸಂಜೆ ಮೆಹಜಬೀನಳ ಫೋನು. ಡಾಕ್ಟರು ಏನೆಂದರು ಎಂದು ಕೇಳಿದಳು, ಹೇಳಿದೆ. ಎದೆಯಲ್ಲಿ ಧೂಳು ಕೂತಿದೆ, ಔಷಧಿ ಬಹಳ ದಿನ ಬೇಕು ಎಂದಿದ್ದಾರೆ. ಆಮೇಲೆ, "ಮನಿ ಸ್ವಚ್ಛ ಆತೇನ್ರಿ?" ಎಂದಳು.

ಆತು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವರು ಬಂದರೆ ಸಾಕು ಎನಿಸಿತ್ತು. ಈ ಖಾಲಿ ಮನೆ, ಈ ಗುಂಡಿ, ಈ ಒಬ್ಬನೇ ಉಣ್ಣುವ ಊಟ ಸಾಕಾಗಿತ್ತು.

"ಇಲ್ಲ. ಇನ್ನೂ ಆಗಿಲ್ಲ," ಎಂದೆ.

ಅವಳ ಹಿಂದೆ ಮುಸ್ಕಾನ ಮೇಕೆಯನ್ನು ಕೂಗುವುದು ಕೇಳಿಸಿತು.

"ಮುಸ್ಕಾನ ನಮ್ಮಮ್ಮನ ಹತ್ರ ಇಲ್ಲೇ ಇರ್ಲಿ," ಎಂದಳು. "ನಾ ನಾಳೆ ಮುಂಜಾನೆ ಬಸ್ಸಿಗೆ ಬರ್ತೀನಿ. ಇಬ್ರೂ ಕೂಡಿ ಒರಸೂಣು."

ಬಕೆಟ್ಟಿನಲ್ಲಿ ಎರಡು ಬಟ್ಟೆ ನೆನೆಹಾಕಿದ್ದೇನೆ.